ಹರಿದ ಹನ್ನೆರಡು ಚೀಟಿ

ನಾಲ್ಕನೇ ತರಗತಿಯ ಟೀಚರ ನಿದ್ದೆಯನ್ನು ಆ ವರ್ಷ ಕೆಡಿಸಿದವಳು ಒಬ್ಬಳೇ ಹುಡುಗಿ. ಕ್ಲಾಸಿನವರು ಅವಳನ್ನು ಬುಗುರಿ ಅಂತಲೇ ಕರೆಯುತ್ತಿದ್ದರು. ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ ಎಂದು ಡಾಕ್ಟರು ಬರೆದುಕೊಟ್ಟ ಕಾಗದವನ್ನು ಹೆಡ್‌ಮಾಸ್ಟರು ಓದಿ, ಮಡಚಿ, ಬೀರುವಿನಲ್ಲಿಟ್ಟು ಕೈತೊಳೆದುಕೊಂಡಿದ್ದರು. ಗಣಿತದ ವಾರ್ಷಿಕ ಪರೀಕ್ಷೆಯಲ್ಲಿ ಫೇಲಾದರೆ ಅವಳಿಗೆ ಇದೇ ಕ್ಲಾಸು ಇನ್ನೊಂದು ವರ್ಷ. ಅದೂ ಮೂರನೇ ತರಗತಿಯಿಂದ ಮೇಲೆ ಬರುವ ಸ್ವಂತ ತಮ್ಮನ ಜೊತೆ.

ದಡ್ಡಿಯೇನಲ್ಲ. ತುಂಬಿದ ಪುಟ ಕಂಡರೆ ಮಾತ್ರ ಕಂಗಾಲು. ಮೊದಲ ಲೆಕ್ಕ ಅರ್ಧವಾಗುವಷ್ಟರಲ್ಲಿ ಕಣ್ಣು ಐದನೆಯದಕ್ಕೆ, ಅಲ್ಲಿಂದ ಪಕ್ಕದವಳ ರಬ್ಬರಿಗೆ, ಅಲ್ಲಿಂದ ಫ್ಯಾನಿಗೆ. ಟೀಚರು ಬೈದು ನೋಡಿದರು, ಮುಂದಿನ ಬೆಂಚಿಗೆ ತಂದರು, ನಿಂತುಕೊಂಡೇ ಬರಿ ಎಂದರು. ಕೊನೆಗೆ ಕತ್ತರಿ ತಂದು ಹಾಳೆಯನ್ನೇ ಕತ್ತರಿಸಿದರು. ಒಂದು ಚೀಟಿಗೆ ಒಂದೇ ಲೆಕ್ಕ. ಮಾಡಿ ಕೊಟ್ಟರೆ ಇನ್ನೊಂದು. ನಡುವೆ ಸೀಮೆಸುಣ್ಣ ತರುವ ನೆಪದಲ್ಲಿ ಆಫೀಸಿನವರೆಗೆ ಒಂದು ಓಟ. ತಿಂಗಳೊಪ್ಪತ್ತಿನಲ್ಲಿ ಬುಗುರಿ ದಿನಕ್ಕೆ ಹತ್ತು ಲೆಕ್ಕ ಮುಗಿಸತೊಡಗಿದಳು. ಟೀಚರಿಗೆ ಕೊಂಬು ಬಂತು ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಂಡರು. ಬಂದಿತ್ತು ಕೂಡ, ಸುಳ್ಳೇಕೆ.

ಪರೀಕ್ಷೆಯ ದಿನ ಟೀಚರನ್ನು ಮಹಡಿ ಮೇಲಿನ ಕೋಣೆಯ ಮೇಲ್ವಿಚಾರಣೆಗೆ ಹಾಕಿದರು. ನಾಲ್ಕನೇ ತರಗತಿಗೆ ಡ್ರಾಯಿಂಗ್ ಮೇಷ್ಟ್ರು. ಪ್ರಶ್ನೆಯ ಕೆಳಗೇ ಉತ್ತರ ಬರೆಯುವ ಉದ್ದನೆಯ ಹಾಳೆ, ಹನ್ನೆರಡು ಲೆಕ್ಕ.

ಗಂಟೆ ಹೊಡೆದ ಮೇಲೆ ಟೀಚರು ಇಳಿದು ಬಂದರೆ ಹೆಡ್‌ಮಾಸ್ಟರ ಮೇಜಿನ ಮೇಲೆ ಹನ್ನೆರಡು ಚೀಟಿ. ಸ್ಕೇಲಿಟ್ಟು ನೀಟಾಗಿ ಹರಿದದ್ದು.

“ಹಿಂದಿನ ಬೆಂಚಲ್ಲಿ ಒಬ್ಬ ಕಾಪಿ ಹೊಡೀತಿದ್ದ, ಅವನ ಹಿಂದೆ ಬಿದ್ದಿದ್ದೆ. ಇವಳದ್ದು ಕೊಡೋವಾಗ್ಲೇ ನೋಡಿದ್ದು,” ಎಂದರು ಡ್ರಾಯಿಂಗ್ ಮೇಷ್ಟ್ರು.

“ಹನ್ನೆರಡೂ ಮಾಡಿದ್ದಾಳೆ ಸಾರ್. ಹನ್ನೊಂದು ಸರಿ ಇದೆ, ನೋಡಿ. ಚೀಟಿ ಮಾಡೋದು ಕಲಿಸಿದ್ದು ನಾನು.”

“ನೀವು ಕಲಿಸಿದ್ದು ನಿಮ್ಮ ಕ್ಲಾಸಿಗಾಯ್ತಮ್ಮ. ಹರಿದ ಪತ್ರಿಕೆಗೆ ಸೊನ್ನೆ. ರೂಲು ನಾನು ಮಾಡಿದ್ದಲ್ಲ. ನಾಳೆ ಮೇಲಿನವರು ಕೇಳಿದ್ರೆ ಏನು ಹೇಳ್ಲಿ?”

ಟೀಚರು ಅಂಗಲಾಚಿದರು, ದನಿ ಏರಿಸಿದರು, ಡಾಕ್ಟರ ಕಾಗದ ತೆಗೆಸಿದರು. ಮಾತು ಸುತ್ತಿ ಸುತ್ತಿ ಸೊನ್ನೆಗೇ ಬಂದು ನಿಂತಿತು. ಒಂದೇ ಒಂದು ದಿನ ಇಡೀ ಹಾಳೆ ಕೊಟ್ಟು, ಉಳಿದದ್ದನ್ನು ಇನ್ನೊಂದು ಕಾಗದದಿಂದ ಮುಚ್ಚಿಕೊಂಡು ಬರಿಯಮ್ಮ ಎಂದು ಹೇಳಿಕೊಟ್ಟಿದ್ದರೆ! ಅಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು. ಬಂದು ಏನು ಪ್ರಯೋಜನ?

ಹೊರಗೆ ಬುಗುರಿ ಅಮ್ಮನ ಕೈ ಬಿಡಿಸಿಕೊಂಡು ಓಡಿಬಂದಳು.

“ಮಿಸ್, ಎಲ್ಲಾ ಮುಗಿಸ್ದೆ! ನೀವಿರ್ಲಿಲ್ಲ ಅಂತ ನಾನೇ ಹರ್ಕೊಂಡೆ.”

“ಪೂರ್ತಿ ಬರ್ದಿರೋದು ಇದೇ ಮೊದಲು ಮಿಸ್. ಎಲ್ಲಾ ನಿಮ್ಮಿಂದ,” ಎಂದಳು ಅವಳಮ್ಮ, ಕಣ್ಣೊರೆಸಿಕೊಳ್ಳುತ್ತ.

ಬುಗುರಿ ಟೀಚರ ಬೆರಳು ಹಿಡಿದು ಜಗ್ಗಿದಳು.

“ಐದನೇ ಕ್ಲಾಸಿನ ಮಿಸ್‌ಗೂ ಹೇಳ್ಬಿಡಿ, ನನಗೆ ಯಾರೂ ಕತ್ತರಿಸಿ ಕೊಡೋದು ಬೇಡ ಅಂತ.”

“ಹೇಳ್ತೀನಿ ಪುಟ್ಟಾ,” ಎಂದರು ಟೀಚರು.