ದಾರಿ ಹೇಳುವವನು

"ದೇವೂ, ಮೊಲ್ಲೆಂ ಬಂತಪಾ. ಇನ್ನ ಘಾಟ ಏರತೈತಿ."

ಅಪ್ಪಾಸಾಬ ಸ್ಟೇರಿಂಗ್ ಮೇಲಿನ ಕೈ ತೆಗೆಯದೆ ಹಿಂದಕ್ಕೆ ಕೇಳುವಂತೆ ಹೇಳಿದ. ವ್ಯಾನಿನಲ್ಲಿ ಗಂಡ ದೇವುವಿನ ಹೆಣದ ಪಕ್ಕ ಕೂತಿದ್ದ ನಂದಾ ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟಳು.

"ಅವ್ರಿಗಿ ದಾರಿ ಹೇಳಬ್ಯಾಡ್ರಿ ಅಣ್ಣಾರ. ಈ ದಾರಿ ಅವ್ರಿಗಿ ಬ್ಯಾಡಾಗಿತ್ತು."

ಮುಂದಿನ ಸೀಟಿನಲ್ಲಿದ್ದ ಮಾನಪ್ಪ, ಸತ್ತವನ ಅಣ್ಣ, ತಿರುಗಿಯೂ ನೋಡಲಿಲ್ಲ.

ಸಿಂದಗಿ ಕಡೆಯಿಂದ ಬಂದು ಗೋವೆಯ ಝುವಾರಿನಗರದಲ್ಲಿ ನೆಲೆಸಿದ ಅಪ್ಪಾಸಾಬ ಮೊದಲು ಬೆಳಗಾವಿಯಿಂದ ವಾಸ್ಕೋಗೆ ತರಕಾರಿ ಗಾಡಿ ಹೊಡೆಯುತ್ತಿದ್ದ. ಆ ಧಂದೆ ನಿಂತಾಗ ಮಾಲೀಕ ಅವನನ್ನು ಹೆಣದ ಗಾಡಿಗೆ ಹಾಕಿದ. ಕಟ್ಟಡದಿಂದ ಬಿದ್ದವರು, ಕರೆಂಟ್ ಹೊಡೆದವರು, ಕಾರ್ಖಾನೆಯಲ್ಲಿ ಸತ್ತವರು. ಎಲ್ಲರನ್ನೂ ಘಾಟು ಹತ್ತಿಸಿ ಊರಿಗೆ ಮುಟ್ಟಿಸುವುದು ಕೆಲಸ. ಮೊದಮೊದಲು ಜೋರಾಗಿ ಟೇಪು ಹಚ್ಚಿ ಓಡಿಸುತ್ತಿದ್ದ. ತಿರುಗಿ ಬಂದಮೇಲೆ ಕುಡಿಯದೆ ಅನ್ನದ ಗಂಗಾಳಕ್ಕೆ ಕೈ ಹಾಕಲು ಆಗುತ್ತಿರಲಿಲ್ಲ. ಮಗಳ ತಲೆ ಮುಟ್ಟುವುದನ್ನೂ ಬಿಟ್ಟಿದ್ದ. ಹೆಂಡತಿ ಮಂಗಲಾ ಅದನ್ನು ಕಂಡಿದ್ದರೂ ಕೇಳಿರಲಿಲ್ಲ.

ಒಮ್ಮೆ ಮಗನ ಹೆಣದೊಡನೆ ಹೊರಟಿದ್ದ ಮುದುಕಿಯೊಬ್ಬಳು, ಅವನಿಗೆ ಈಗ ಕಣ್ಣು ಕಾಣುವುದಿಲ್ಲ, ದಾರಿ ಹೇಳುತ್ತ ನಡಿ ಯಪ್ಪಾ ಎಂದು ಬೇಡಿಕೊಂಡಳು. ನಾಚುತ್ತಲೇ ಅಪ್ಪಾಸಾಬ ಒಂದೊಂದೂರಿನ ಹೆಸರು ಕೂಗಿದ. ಮುಂದಿನ ಸಲ ಯಾರೂ ಕೇಳಲಿಲ್ಲ, ಆದರೂ ಹೇಳಿದ. ಆಮೇಲೆ ಅದೇ ರೂಢಿಯಾಯಿತು. ಹೆಣ ಏರಿಸುವ ಮುಂಚೆ ಗಾಡಿ ತೊಳೆಯುತ್ತಿದ್ದ, ಹೆಸರು ಕೇಳಿಕೊಳ್ಳುತ್ತಿದ್ದ, ಟೇಪು ಮುಟ್ಟುತ್ತಿರಲಿಲ್ಲ. ಬೇರೆ ಡ್ರೈವರುಗಳು ನಕ್ಕರು. ಆದರೆ ಅವನಿಗೆ ನಿದ್ದೆ ಬರತೊಡಗಿತ್ತು. ತಾನು ಹೊರುವುದು ಹೇರಲ್ಲ, ಒಬ್ಬನನ್ನು ಮನೆಗೆ ಬಿಡುತ್ತಿದ್ದೇನೆ ಅನ್ನಿಸಿತ್ತು.

ಈಗ ಆ ಮಾತು ನಿಂತಿತು. ಘಾಟಿನ ತಿರುವುಗಳಲ್ಲಿ ಸ್ಟ್ರೆಚರ್ ತಗಡಿಗೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ರಾಮನಗರ ಬಂದಾಗ ಊರ ಹೆಸರು ಕೂಗಲು ಬಾಯಿ ತೆರೆದವನು ಹಾರ್ನ್ ಒತ್ತಿದ.

ಅಳ್ನಾವರದಲ್ಲಿ ಮಾನಪ್ಪ ಚಹಾ ಕುಡಿಯಲು ಇಳಿದಾಗ ಅಪ್ಪಾಸಾಬ ಹಿಂದಿನ ಬಾಗಿಲು ತೆರೆದ. ನಂದಾ ಎಲ್ಲ ಹೇಳಿದಳು. ಅವಳ ಜಾತಿ ಬೇರೆ. ಮದುವೆಯಾದ ದಿನವೇ ದೇವುವಿನ ಮನೆಯವರು ಇಬ್ಬರನ್ನೂ ಊರು ಬಿಡಿಸಿದ್ದರು. ಸತ್ತರೂ ಆ ಊರಿಗೆ ಕಾಲಿಡುವುದಿಲ್ಲ ಎನ್ನುತ್ತಿದ್ದನಂತೆ ದೇವು. ಫೋಂಡಾದಲ್ಲಿ ಸ್ಲ್ಯಾಬಿನಿಂದ ಬಿದ್ದು ಸತ್ತಾಗ ಗೋವೆಯಲ್ಲೇ ಮಣ್ಣು ಮಾಡಬೇಕೆಂದು ಅವಳು ಕಾಲು ಹಿಡಿದರೂ, ಗದ್ದಲವಾದೀತೆಂದು ಹೆದರಿದ ಗುತ್ತಿಗೆದಾರ ಅಣ್ಣನಿಗೆ ಫೋನು ಮಾಡಿ ಹೆಣ ಒಪ್ಪಿಸಿದ. ಅವಳನ್ನು ಯಾರೂ ಕರೆಯಲಿಲ್ಲ. ತಾನೇ ಗಾಡಿ ಹತ್ತಿದ್ದಳು.

"ಗಾಡಿ ತಿರಗಸೂದು ನನ್ನ ಕೈಯಾಗಿಲ್ಲ ತಂಗಿ," ಅಂದ ಅಪ್ಪಾಸಾಬ. "ದಾರಿ ಹೇಳಬಾರದಂದ್ರ, ಮತ್ತೇನ್ ಹೇಳ್ಲಿ ಅವಗ?"

ಅವಳು ಹೆಣಕ್ಕೆ ಹೊದಿಸಿದ್ದ ಬಿಳಿ ಬಟ್ಟೆಯ ಅಂಚು ಸರಿಮಾಡಿದಳು.

"ನಾ ಜೋಡಿ ಅದೀನಿ ಅಂತ ಹೇಳ್ರಿ."

ಧಾರವಾಡ ದಾಟುವಾಗ ಅಪ್ಪಾಸಾಬ, "ದೇವೂ, ನಂದಾ ಜೋಡಿ ಅದಾಳಪಾ," ಅಂದ. ಆ ಹೆಸರು ತೆಗೆಯಬೇಡ, ತೆಪ್ಪಗೆ ಗಾಡಿ ಹೊಡಿ ಎಂದು ಮಾನಪ್ಪ ಗದರಿಸಿದ. ಸವದತ್ತಿಯಲ್ಲಿ ಅಪ್ಪಾಸಾಬ ಮತ್ತೆ ಹೇಳಿದ. ಬಾಗಲಕೋಟೆಯಲ್ಲೂ ಹೇಳಿದ. ಆಮೇಲೆ ಮಾನಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟ.

ಹೊತ್ತು ಇಳಿಯುವಾಗ ಊರ ಅಗಸೆಬಾಗಿಲ ಹೊರಗೆ ಗಂಡಸರು ಕಾದಿದ್ದರು. ಹೆಣ ಇಳಿಸಿಕೊಂಡರು. ನಂದಾ ಹಿಂದೆ ನಡೆದಾಗ ಇಬ್ಬರು ಅಡ್ಡ ನಿಂತು, ಅವಳು ಊರೊಳಗೆ ಬರುವಂತಿಲ್ಲ, ಮಣ್ಣಿಗೂ ಬರುವಂತಿಲ್ಲ ಎಂದರು. ಅವಳು ಬಿಡಿಸಿಕೊಳ್ಳಲು ನೋಡಿದಳು. ಒಬ್ಬ ಅವಳನ್ನು ಗಾಡಿಯ ಕಡೆ ದೂಡಿದ. ಅಪ್ಪಾಸಾಬ ನಡುವೆ ಹೋಗುವುದರೊಳಗೆ ಹೆಣ ಅಗಸೆ ದಾಟಿತ್ತು. ಯಾವಾಗಲೂ ಹೆಣ ಇಳಿದೊಡನೆ ಹೊರಡುವವನು ಈ ಸಲ ನಿಂತ. ಇಬ್ಬರೂ ಗಾಲಿಯ ಪಕ್ಕ ಕೂತರು. ಊರೊಳಗಿಂದ ಅಳು ಎದ್ದಿತು, ಹೊಲದ ಕಡೆ ಸರಿಯಿತು, ನಿಂತಿತು.

ಆಮೇಲೆ ನಾಲ್ಕೈದು ಹೆಂಗಸರು ಬಂದರು. ಮುಂದೆ ದೇವುವಿನ ತಾಯಿ ಸಾವಂತ್ರೆವ್ವ. ಅತ್ತು ಅತ್ತು ಅವಳ ಮುಖ ಬಾತಿತ್ತು. ಕೈಯಲ್ಲಿ ಒಂದು ಕಲ್ಲು. ಶಾಸ್ತ್ರ ಮುಗಿಸಬೇಕು, ಕೈ ಚಾಚು ಅಂದಳು. ನಂದಾಳ ಎರಡೂ ಕೈಯಲ್ಲಿ ಹಸಿರು ಬಳೆಗಳಿದ್ದವು.

ಅಪ್ಪಾಸಾಬ ಎದ್ದು ನಿಂತ. ಅವನ ದನಿ ಏರಲಿಲ್ಲ.

"ಸೊಸಿ ಅಲ್ಲ ಅಂದ್ರಿ. ಮತ್ತ ಬಳಿ ಒಡೀಲಿಕ್ಕೆ ಯಾಕ ಬಂದ್ರಿ ಯವ್ವಾ?"

ಸಾವಂತ್ರೆವ್ವ ಕಲ್ಲನ್ನು ಎಸೆಯಲೂ ಇಲ್ಲ, ಎತ್ತಲೂ ಇಲ್ಲ. ಅಪ್ಪಾಸಾಬ ಮುಂದಿನ ಬಾಗಿಲು ತೆರೆದ. ನಂದಾ ಹತ್ತಿ ಕೂತಳು.

ಡಾಂಬರಿನ ತನಕ ರಸ್ತೆ ಕೆಟ್ಟಿತ್ತು. ಗುಂಡಿಗೊಮ್ಮೆ ಬಳೆಗಳು ಸದ್ದು ಮಾಡುತ್ತಿದ್ದವು. ಅವಳು ಒಂದು ಕೈಯಿಂದ ಇನ್ನೊಂದರ ಬಳೆಗಳನ್ನು ಅಮುಕಿ ಹಿಡಿದಳು. ಸ್ವಲ್ಪ ದೂರ ಹೋದಮೇಲೆ ಬಿಟ್ಟಳು.