ಮುಡಿಗೇರಿದ ಕಾಡುಸೇವಂತಿಗೆ

೧೯೩೬ರ ನವೆಂಬರ್ ೨೨, ಭಾನುವಾರ, ಬೆಳಗಿನ ಆರು ಗಂಟೆ ಇಪ್ಪತ್ತು ನಿಮಿಷ. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಾಚೆಯ ದಿಬ್ಬದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ; ಹುಚ್ಚೆಳ್ಳಿನ ಹೊಲಗಳ ಹೊಂಬಣ್ಣ ಆ ಧವಳ ಯವನಿಕೆಯ ಹಿಂದೆ ದೀಪಮಾಲೆಯಂತೆ ಮಿನುಗುತ್ತಿತ್ತು... ಆಗ, ಸಹೃದಯರೇ, ಹೊಲದಂಚಿನ ಹುಲ್ಲಿನಲ್ಲಿ ಒಂದೇ ಒಂದು ಕಾಡುಸೇವಂತಿಗೆ, ನಸುನೇರಳೆ ದಳಗಳ ನಡುವೆ ಪುಟ್ಟ ಸೂರ್ಯನನ್ನಿಟ್ಟುಕೊಂಡು, ತಲೆಯೆತ್ತಿ ನಿಂತಿತ್ತು!

ಕೋಟೆ ಊರಿನ ಶಾಲೆಯ ವಿಜ್ಞಾನದ ಮೇಷ್ಟ್ರು ನಿಂಗರಾಜು ಮೂರು ಚಳಿಗಾಲ ಹುಡುಕಿದ್ದ ಅಪರೂಪದ ಬಗೆ ಅದೇ ಇರಬೇಕು. ದಿಬ್ಬದ ತುಂಬ ಅರಳುವ ಸಾಮಾನ್ಯ ಕಾಡುಸೇವಂತಿಗೆಗೂ ಇದಕ್ಕೂ ದಳದಲ್ಲಿ, ಎಲೆಯಲ್ಲಿ ಭೇದವಿಲ್ಲ. ಕಾಂಡದ ಕೆಂಪು ಅನುಮಾನ ಹುಟ್ಟಿಸುತ್ತದೆ, ತೀರ್ಪು ಹೇಳುವುದು ಬೀಜದ ನೆತ್ತಿಯ ರೋಮ. ಸಾಮಾನ್ಯದ್ದರಲ್ಲಿ ಅದು ಎರಡು ಮಿಲಿಮೀಟರು ದಾಟದು. ಹೂವನ್ನು ಆಡುಗಳ ಬಾಯಿಗೆ ಬಿಡಲಾರದೆ ಕೊಯ್ದು ತಂದು, ಬೀಜ ಬಲಿಯಲೆಂದು ಕಿಟಕಿಯ ಲೋಟದ ನೀರಿನಲ್ಲಿಟ್ಟು, ಅವನು ಸ್ನಾನಕ್ಕೆ ಹೋದ.

ಬಂದು ನೋಡಿದರೆ ಲೋಟ ಬರಿದು! ಹೂವು, ಮದುವೆಯಾಗಿ ಐದು ತಿಂಗಳಾದ ಹೆಂಡತಿ ಭದ್ರಮ್ಮನ ಜಡೆಯಲ್ಲಿ...

"ನಂಗೆ ಅಂತ ಒಂದು ಹೂ ತರೋಕೆ ಇಷ್ಟು ದಿನ ಬೇಕಾಯ್ತೇನ್ರೀ?" ಎಂದು ಅವಳು ನಕ್ಕಳು.

ಬೇಗೂರಿನ ತವರು ಬಿಟ್ಟು ಬಂದ ಮೇಲೆ ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು. ಆಷಾಢದ ಮೋಡ ಬಿರಿದು ಬಿಸಿಲು ಇಳಿದಂತೆ! ಕೈ ಚಾಚಿದರೆ ಮೂರು ಚಳಿಗಾಲದ ಪ್ರಶ್ನೆಗೆ ಉತ್ತರ. ಚಾಚಿದರೆ ಆ ನಗು ಆರಿಹೋಗುತ್ತದೆ... ಎತ್ತಿದ ಕೈಯನ್ನು ಅವನು ಮೆಲ್ಲನೆ ಇಳಿಸಿದ.

"ತಡವಾಯ್ತು ಕಣೆ," ಎಂದಷ್ಟೇ ಹೇಳಿದ.

ಮುಂದಿನ ವಾರ ಒಂದು ಸಂಜೆ, ಭದ್ರಮ್ಮ ಅಡುಗೆಮನೆಯ ಗೋಡೆಗೂಡಿನಿಂದ ಹಿತ್ತಾಳೆಯ ಬಟ್ಟಲೊಂದನ್ನು ತಂದು ಅವನ ಮುಂದಿಟ್ಟಳು. ಅದರ ನೀರಿನಲ್ಲಿ ಅದೇ ಹೂ. ದಳಗಳು ಉದುರಿ, ಬೀಜದ ಬಿಳಿ ರೋಮ ಬೆಳುದಿಂಗಳ ತುಣುಕಿನಂತೆ ನವಿರಾಗಿ ಬಿರಿದಿತ್ತು.

"ನೋಡಿ, ನಮಗಿಂತ ಮುಂಚೇನೇ ಇದ್ಕೆ ನರೆ ಬಂದ್ಬುಡ್ತು!"

ಅವನು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ. "ಭದ್ರಾ... ಅವತ್ತು ಆ ಹೂ ನಿನಗಂತ ತಂದಿರ್ಲಿಲ್ಲ. ಪರೀಕ್ಷೆ ಮಾಡೋಕೆ..."

"ಗೊತ್ತು ಬುಡಿ. ನಿಮ್ಮ ಕಣ್ಣು ಜಡೆ ಮ್ಯಾಲಿರ್ಲಿಲ್ಲ, ಹೂವಿನ ಮ್ಯಾಲಿತ್ತು. ಕಿತ್ಕೊಂಡ್ಬುಡ್ತೀರಾ ಅಂತ ನಾನೂ ಕಾದೆ. ಕಿತ್ಕೊಳ್ನಿಲ್ವಲ್ಲ... ಅದಕ್ಕೇ ಮಡಗಿದ್ದೆ ಕಣ್ರೀ."

ಮನುಷ್ಯರ ಅಕ್ಕರೆಗಳೂ ಅರಳಿದ ಹೊತ್ತಿನಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ದಳವೆಲ್ಲ ಉದುರಿದ ಮೇಲೆ ಉಳಿಯುವುದೇನೆಂದು ಕಾದು ನೋಡಿದವರಿಗಷ್ಟೇ ಅವುಗಳ ಭೇದ ತಿಳಿಯುತ್ತದೆ... ಭದ್ರಮ್ಮ ದೀಪ ಹಿಡಿದಳು. ನಿಂಗರಾಜು ಒಂದು ರೋಮವನ್ನು ಬಿಡಿಸಿ ಅಳತೆಪಟ್ಟಿಯ ಮೇಲಿಟ್ಟ.

ನಾಲ್ಕೂವರೆ ಮಿಲಿಮೀಟರು.