ಕಡ ತಂದ ಕುರ್ಚಿ

ಬಸವಂತರಾಯ ತೇಗಿದ. ಸಾಧಾರಣ ತೇಗಲ್ಲ ಅದು. ಚೆಂಬೂರಿನ ನಮ್ಮ ಚಾಳಿನಿಂದ ಹೊರಟು ವಿಕ್ರೋಳಿಯವರೆಗೂ ಮುಟ್ಟಿ, ಕಾರ್ಖಾನೆಯ ಭೋಂಗಾ ಕೂಗಿತೆಂದು ಅರ್ಧ ಕೆಲಸಗಾರರು ಡಬ್ಬಿ ಎತ್ತಿಕೊಂಡು ಗೇಟಿಗೆ ಬಂದಿದ್ದರೂ ಆಶ್ಚರ್ಯವಿಲ್ಲ. ಆಮೇಲೆ ಬಜ್ಜಿಯ ಎಣ್ಣೆ ಹತ್ತಿದ ಐದೂ ಬೆರಳನ್ನು ಪಕ್ಕದ ಮಂಚದ ಚಾದರಕ್ಕೆ ಒರೆಸಿದ. ಸೇಫ್ಟಿ ಪಿನ್ನಿನಿಂದ ಹಲ್ಲಿನ ಸಂದಿ ಕೆದಕಿ, ಸಿಕ್ಕಿದ್ದನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡ. ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ಒಟ್ಟಿಗೇ ಸೆರಗು ಮೂಗಿಗೆ ಹಿಡಿದರು.

"ಹುಡುಗೀನ ಕರೀರಿ ಇನ್ನ," ಅಂದ. ಅವನು ವರನ ಸೋದರಮಾವ. ವರ ಚಂದ್ರಾಮ ಪಕ್ಕದ ಕುರ್ಚಿಯಲ್ಲಿ ಕೂತು ಟೇಬಲ್ ಫ್ಯಾನಿನ ಗಾಳಿಗೆ ಬಾಯಿ ತೆರೆದಿದ್ದ.

ಹೆಣ್ಣು ತೋರಿಸುವುದರಲ್ಲಿ ನಮ್ಮ ಚಾಳನ್ನು ಮೀರಿಸುವ ಚಾಳು ಇಡೀ ಮುಂಬಯಿಯಲ್ಲಿ ಇರಲಿಲ್ಲ. ಯಾರದೇ ಮಗಳಿರಲಿ, ನೋಡಲು ಬರುತ್ತಾರೆಂದರೆ ಸಾಕು, ಎಲ್ಲರ ಖೋಲಿಯ ಸಾಮಾನೂ ಅಲ್ಲಿಗೆ ನಡೆದುಬಿಡುತ್ತಿತ್ತು. ಅವತ್ತು ಅಣವೀರಪ್ಪನ ಖೋಲಿಗೆ ದೇವಕ್ಕನ ಕುರ್ಚಿಗಳು ಬಂದಿದ್ದವು, ಉಡುಪಿ ಕಡೆಯ ಅಕ್ಕುವಿನ ಫ್ಯಾನು, ರೇಡಿಯೊ, ಯಾರದೋ ಕಪ್ಪು-ಬಸಿ, ಇನ್ಯಾರದೋ ಕಸೂತಿ ಚಾದರ. ಯುದ್ಧದ ಕಾಲಕ್ಕೆ ಬೆಳಕು ಹೊರಗೆ ಕಾಣದಿರಲೆಂದು ಕಿಟಕಿಗೆ ಅಂಟಿಸಿದ್ದ ಕರಿ ಕಾಗದವೊಂದು ಕಾಣದಿದ್ದರೆ ಅದು ಗವರ್ನರನ ಬಂಗಲೆಯೇ.

ಅವತ್ತು ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ಅಣವೀರಪ್ಪನ ಮಗಳು ಇಂದ್ರಾ ಕೊಡ ಕೆಳಗಿಟ್ಟು ಹೇಳಿದ್ದಳು: "ಹೋದ ವಾರ ಪರ್ಮನೆಂಟ್ ಆಗೀನಿ. ಇವ್ರು ಒಪ್ಪಿದ್ರ ಇವತ್ತೇ ವೀಳ್ಯ ಕೊಡ್ತಾನಂತ ಅಪ್ಪ. ಕೆಲಸ ಅಲ್ಲಿಗೆ ಖಲಾಸ್. ನಂಗ ಈ ಲಗ್ನ ಬ್ಯಾಡ. ಅಪ್ಪ ಕೇಳಂಗಿಲ್ಲ, ಅವ್ವ ಮಾತಾಡಂಗಿಲ್ಲ." ಅವಳು ವಿಕ್ರೋಳಿಯಲ್ಲಿ ಸ್ವಿಚ್ ಜೋಡಿಸುತ್ತಿದ್ದಳು. ಹೆಂಗಸರು ಲೊಚಗುಟ್ಟಿದರು, ನೀರು ತುಂಬಿಕೊಂಡರು, ಮಧ್ಯಾಹ್ನ ಕುರ್ಚಿ ಹೊತ್ತು ತಂದರು. ರೂಢಿ ನೋಡಿ, ಕತ್ತೆಗಿಂತ ಹಟಮಾರಿ.

ಇಂದ್ರಾ ಬಂದು ನಿಂತಳು.

"ನಡದು ತೋರ್ಸು," ಅಂದ ಬಸವಂತರಾಯ. "ಇತ್ಲಾಗ ತಿರುಗು. ಹಲ್ಲು ಕಾಣಂಗ ನಗು. ಜಡಿ ಬಿಚ್ಚು, ಖರೇ ಕೂದಲೋ ಚೌರಿಯೋ ನೋಡಬೇಕಲ್ಲ? ಸೀರಿ ಒಂಚೂರು ಮ್ಯಾಲ ಎತ್ತು, ಕಾಲು ಸೊಟ್ಟ ಅದಾವೇನು?"

ಸಂತೆಯಲ್ಲಿ ಎಮ್ಮೆ ಕೊಳ್ಳುವವನೂ ಇಷ್ಟು ನಾಚಿಕೆಗೆಟ್ಟಿರುವುದಿಲ್ಲ. ಅಣವೀರಪ್ಪನಂತೂ ಪ್ರತಿ ಮಾತಿಗೂ ಹೆಹ್ಹೆ ಎಂದು ನಗುತ್ತಿದ್ದ. ಆ ನಗೆ ಜಿಡ್ಡುಜಿಡ್ಡಾಗಿ ಗೋಡೆಗೆಲ್ಲ ಅಂಟುತ್ತಿತ್ತು, ಸೋಡಾ ಹಾಕಿ ತಿಕ್ಕಿದರೂ ಹೋಗುವಂಥದ್ದಲ್ಲ.

"ಈ ಫ್ಯಾನು, ರೇಡಿಯೊ, ಕುರ್ಚಿ, ಎಲ್ಲಾ ಹುಡುಗಿ ಸಂಗಟ ಬರ್ತಾವೇನ್ರಿ?"

"ಎಲ್ಲಾ ನಿಮ್ಮವೇ ತಿಳ್ಕೋರಿ!" ಅಂದ ಅಣವೀರಪ್ಪ. ಬಾಗಿಲಲ್ಲಿ ದೇವಕ್ಕ ಅಕ್ಕುವಿನ ಮುಖ ನೋಡಿದಳು.

"ಮತ್ತ ನೌಕರಿ ಬಿಡಸ್ರಿ. ಗಂಡಸರ ನಡುವ ದುಡಿದ ಹೆಣ್ಣು ನಮ್ಮನ್ಯಾಗ ನಡೆಯಂಗಿಲ್ಲ."

"ನೌಕರಿ ಬಿಡಂಗಿಲ್ರಿ," ಅಂದಳು ಇಂದ್ರಾ. ಬಿಚ್ಚಿದ ಜಡೆಯನ್ನು ಬೆನ್ನಿಗೆ ಎಸೆದಳು. "ಈ ಲಗ್ನಾನೂ ನಂಗ ಬ್ಯಾಡ."

ಅಣವೀರಪ್ಪ ಕೈ ಎತ್ತಿಕೊಂಡು ಎದ್ದ. ಬಸವಂತರಾಯ ಅವನ ತೋಳು ಹಿಡಿದು ಕೂರಿಸಿ, ಹೊಟ್ಟೆ ಕುಣಿಸಿ ನಕ್ಕ. "ಇರಲಿ ಬಿಡ್ರಿ. ಹೆಣ್ಣಂದ್ರ ಹೊಸಾ ಚಪ್ಪಲಿ ಇದ್ದಂಗ. ನಾಕು ದಿನ ಕಡೀತದ. ಒದ್ದೊದ್ದು ನಡದ್ರ ತಾನೇ ಕಾಲಿಗೆ ಹೊಂದತದ." ಚಂದ್ರಾಮ ಖೀ ಎಂದ. ಅವತ್ತು ಅವನ ಬಾಯಿಂದ ಹೊರಟದ್ದು ಅದೊಂದೇ.

ಬಾಗಿಲಲ್ಲಿದ್ದ ಹೆಂಗಸರನ್ನು ಸರಿಸಿ ಅಕ್ಕು ಒಳಗೆ ಬಂದಳು.

"ಒಮ್ಮೆ ಕಾಲು ತೆಗೀರಿ ಮಾರಾಯ್ರೆ," ಎನ್ನುತ್ತ ಬಗ್ಗಿ, ಪ್ಲಗ್ ಕಿತ್ತು, ಫ್ಯಾನನ್ನು ಮಗುವಿನಂತೆ ಸೊಂಟಕ್ಕೇರಿಸಿದಳು. ರೇಡಿಯೊ ಕಂಕುಳಿಗೆ ಹೋಯಿತು. "ಇದು ನಮ್ಮದು. ಕೊಟ್ಟದ್ದು ಹುಡುಗಿಯ ಮುಖ ನೋಡಿ. ನಿಮ್ಮ ಚಪ್ಪಲಿಗೆ ಗಾಳಿ ಹಾಕ್ಲಿಕ್ಕೆ ಅಲ್ಲ."

"ಏಳ್ರಿ," ಅಂದಳು ದೇವಕ್ಕ ಬಸವಂತರಾಯನಿಗೆ. "ಕುರ್ಚಿ ಒಯ್ಬೇಕು."

"ಈಗ?"

"ಈಗೇ. ನಿಮ್ಮ ಕೆಳಗ ಸಿಕ್ಕೊಂಡು ಆಗಿಂದ ಅಳ್ಳಾಕತ್ತದ ಅದು. ಕಿವಿ ಕೇಳಂಗಿಲ್ಲೇನು?"

ಆಮೇಲೆ ನೋಡಬೇಕಿತ್ತು. ಚಾಳಿನ ಹೆಂಗಸರು ಮಿಡತೆಯ ಹಿಂಡಿನಂತೆ ನುಗ್ಗಿದರು. ಚಾದರ ಹೋಯಿತು, ಕುರ್ಚಿಗಳು ತಲೆಯ ಮೇಲೆ ಹೋದವು, ಚಂದ್ರಾಮನ ಕೈಯಲ್ಲಿದ್ದ ಕಪ್ಪು ಅರ್ಧ ಚಹಾದ ಸಮೇತ ಹೋಯಿತು. "ಕುಡದು ಕೊಡ್ತೀವ್ರಿ" ಎಂದು ಬಸವಂತರಾಯ ತನ್ನ ಕಪ್ಪನ್ನು ಎದೆಗೊತ್ತಿಕೊಂಡರೆ, "ಬ್ಯಾಡ, ಹಂಗೇ ಕೊಡ್ರಿ. ನಿಮ್ಮ ಬಾಯಿ ತಾಗಿದ್ದು ಹೆಂಗೂ ಬೂದಿ ಹಚ್ಚಿ ತೊಳೀಬೇಕು," ಎಂದು ಕಿತ್ತುಕೊಂಡರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗವರ್ನರನ ಬಂಗಲೆ ಹೋಗಿ, ಕಾಲು ಮುರಿದ ಮಂಚದ ಪಕ್ಕ ಇಬ್ಬರು ಗಂಡಸರು ಚಹಾ ಚೆಲ್ಲಿದ ಧೋತರ ಹಿಡಿದು ನಿಂತಿದ್ದರು.

"ಸುಂದ್ರೀ!" ಅಣವೀರಪ್ಪ ಚೀರಿದ. "ಚಾಪಿ ಹಾಸು ಇವ್ರಿಗೆ!"

ಪರದೆಯ ಹಿಂದೆ ಸ್ಟೋವಿನ ಹತ್ತಿರವಿದ್ದ ಸುಂದ್ರವ್ವ, ಇಂದ್ರಾಳ ತಾಯಿ, ಹೊರಗೆ ಬಂದಳು. ಲಗ್ನವಾದಾಗಿನಿಂದ ಗಂಡನೆದುರು ಅವಳು ಆಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಪೋಸ್ಟ್‌ಕಾರ್ಡು ತುಂಬುತ್ತಿರಲಿಲ್ಲ. ಕಂಕುಳಲ್ಲಿ ಸುರುಳಿ ಸುತ್ತಿದ ಚಾಪೆ ಇತ್ತು. ಅವಳು ಬಸವಂತರಾಯನ ಎಣ್ಣೆ ತುಟಿ ನೋಡಿದಳು, ಮಗಳ ಬಿಚ್ಚಿದ ಜಡೆ ನೋಡಿದಳು.

"ಚಾಪಿ ನನ್ನ ತವರಿನವ್ರು ಕೊಟ್ಟದ್ದು," ಅಂದಳು. "ಹಾಸಂಗಿಲ್ಲ."

ಬಸವಂತರಾಯ ಜೇಬಿನ ಎಲೆ-ಅಡಿಕೆ ಬಾಯಿಗೆ ತುರುಕಿ ಜಗಿದು, ರಸವನ್ನೆಲ್ಲ ಹೊಸ್ತಿಲ ಮೇಲೆ ಉಗಿದು ಹೊರಟ. ಚಂದ್ರಾಮ ಹಿಂದೆ ಓಡಿದ. "ಇನ್ನ ಯಾವನೂ ಬರಂಗಿಲ್ಲ ಈ ಮನಿಗೆ! ಕೊಳೀರಿ ಇಲ್ಲೇ!" ಎಂದು ಅಣವೀರಪ್ಪ ಬೈಯುತ್ತ, ಬೈಯುತ್ತಲೇ ಬೀಗರನ್ನು ಬೇಡಿಕೊಳ್ಳುತ್ತ ಜಿನೆಯ ಮೆಟ್ಟಿಲು ಇಳಿದ.

ಹೊಸ್ತಿಲಿಗೆ ದೇವಕ್ಕ ಬಕೆಟ್ಟು ನೀರು ಸುರಿದಳು. ಅಕ್ಕು ಕಸಬರಿಗೆಯಿಂದ ತಳ್ಳಿದಳು. ಕೆಂಪು ತಿಳಿಯಾಗಲು ಹೊತ್ತು ಹಿಡಿಯಿತು.

ಸುಂದ್ರವ್ವ ಖಾಲಿ ಖೋಲಿಯ ನಟ್ಟನಡುವೆ ಚಾಪೆ ಬಿಡಿಸಿ ಕೂತಳು.

"ಅಪ್ಪ ಬಂದ್ರ ಹೊಡಿತಾನ," ಅಂದಳು ಇಂದ್ರಾ.

"ಹೊಡಿತಾನ." ಸುಂದ್ರವ್ವ ಕೂದಲಿನ ಸಿಕ್ಕು ಬಿಡಿಸಲು ಮಗಳನ್ನು ಹತ್ತಿರ ಎಳೆದುಕೊಂಡಳು. "ನಾಳಿಗಿ ಫಸ್ಟ್ ಶಿಫ್ಟೇನು? ಬುತ್ತಿಗಿ ಏನ್ ಕಟ್ಲಿ?"

ಕೇಳುತ್ತ ಎರಡೂ ಕಾಲನ್ನು ಉದ್ದಕ್ಕೆ ಚಾಚಿದಳು. ಚಾಪೆ ದಾಟಿ, ಬರಿ ನೆಲದ ತಂಪಿಗೆ ಅವಳ ಒಡೆದ ಹಿಮ್ಮಡಿಗಳು ಊರಿಕೊಂಡವು.